ಇಲ್ಲದ ದೋಣಿ

ನಲವತ್ತು ವರ್ಷಗಳ ಹಿಂದೆ, ಹೆಸರುವಾಸಿ ನಟ ಒಬ್ಬನೂ ಇಲ್ಲದ ನನ್ನ ಚಿತ್ರ ಹದಿನೇಳು ದಿನ ತುಂಬಿದ ಚಿತ್ರಮಂದಿರದಲ್ಲಿ ಓಡಿತು. ಓಡಿಸಿದ್ದು ಪ್ರಚಾರದ ಹಣವಲ್ಲ, ಸೇಡು. ಹಾಗೆನ್ನಲು ನನಗೆ ಇಂದಿಗೂ ನಾಚಿಕೆಯಿಲ್ಲ.

ಅಂಗಡಿಗಳ ಬೋರ್ಡು ಬರೆದು ಬದುಕುತ್ತಿದ್ದವನು ನಾನು. ಅಕ್ಕನ ಗಂಡ ಪತ್ರಿಕೆಯೊಂದರ ಸಿನಿಮಾ ವಿಮರ್ಶಕರು. "ಬ್ರಷ್ ಹಿಡಿಯೋ ಕೈಗೆ ಕ್ಯಾಮೆರಾ ಯಾಕಪ್ಪಾ?" ಎಂದು ಊಟಕ್ಕೆ ಕೂತಾಗಲೆಲ್ಲ ಹಂಗಿಸುವರು. ಚಿತ್ರ ತೆರೆಕಂಡ ಮರುದಿನ ಬರೆದರು: "ಕೊನೆಯ ದೋಣಿಯ ದೃಶ್ಯವಂತೂ ಆಕಳಿಕೆ ತರಿಸುತ್ತದೆ." ಅಂದಿನ ಆಟಕ್ಕೆ ಬಂದವರು ಆರೇ ಜನ. "ಗುರುವಾರದೊಳಗೆ ಜನ ಬರ್ಲಿಲ್ಲ ಅಂದ್ರೆ ನಿಮ್ಮ ರೀಲಿನ ಡಬ್ಬ ಎತ್ಕೊಂಡು ಹೋಗಿ," ಎಂದ ಚಿತ್ರಮಂದಿರದ ಮ್ಯಾನೇಜರು.

ವಿಮರ್ಶೆಯನ್ನು ನಾಲ್ಕನೆಯ ಸಲ ಓದುವಾಗ ಥಟ್ಟನೆ ಹೊಳೆಯಿತು. ನನ್ನ ಚಿತ್ರದಲ್ಲಿ ದೋಣಿಯೇ ಇರಲಿಲ್ಲ! ಸರಿಯಾಗಿ ಮೂಡಲಿಲ್ಲವೆಂದು ಆ ದೃಶ್ಯವನ್ನು ಸಂಕಲನದಲ್ಲಿ ಕತ್ತರಿಸಿದ್ದೆ. ಕಥಾಸಾರದ ಕರಪತ್ರ ಅದಕ್ಕೂ ಮೊದಲೇ ಅಚ್ಚಾಗಿತ್ತು. ಮತ್ತೆ ಅಚ್ಚು ಹಾಕಿಸುವ ತ್ರಾಣವಿಲ್ಲದೆ ಅದನ್ನೇ ಪತ್ರಿಕೆಗಳಿಗೆ ಹಂಚಿದ್ದೆ. ಭಾವನವರು ಚಿತ್ರ ನೋಡದೆ, ಕರಪತ್ರ ನೋಡಿ ಆಕಳಿಸಿದ್ದರು.

ರದ್ದಿಯಂಗಡಿಯಿಂದ ಅವರದೇ ಪತ್ರಿಕೆಯ ಹಳೆಯ ಹಾಳೆಗಳನ್ನು ತಂದು, ಕೆಂಪು ಬಣ್ಣದಲ್ಲಿ ಬರೆದೆ: "ಈ ಪತ್ರಿಕೆಯ ವಿಮರ್ಶಕರು ನಮ್ಮ ಚಿತ್ರದಲ್ಲಿ ದೋಣಿ ಕಂಡಿದ್ದಾರೆ. ನಿಮಗೂ ಕಂಡೀತೇ? ಬನ್ನಿ, ಹುಡುಕಿ." ಅಂಟು ಕುದಿಸಿಕೊಟ್ಟವಳು ಸ್ವತಃ ಅಕ್ಕ.

"ನನ್ನ ಅಡುಗೆಗೂ ಹೀಗೇ, ಬಾಯಿಗಿಡೋ ಮೊದಲೇ ಹೆಸರಿಡ್ತಾರೆ ಕಣೋ. ಗಟ್ಟಿಯಾಗಿ ಅಂಟಿಸು."

ಮೊದಲ ಹಾಳೆ ಅವರ ಕಚೇರಿಯ ಕಿಟಕಿಯೆದುರಿನ ಗೋಡೆಗೇ ಹತ್ತಿತು. ಬುಧವಾರದ ಹೊತ್ತಿಗೆ ಟಿಕೆಟ್ಟಿನ ಸಾಲು ಬೀದಿಯ ತಿರುವು ದಾಟಿತ್ತು. ಮಧ್ಯಾಹ್ನ ಭಾವನವರು ಬೆವರುತ್ತ ಬಂದರು.

"ಮರ್ಯಾದೆ ಮೂರಾಬಟ್ಟೆ ಆಗ್ತಿದೆ. ತೆಗೆಸಪ್ಪಾ ಅದನ್ನ."

"ಅದಕ್ಕೇನಂತೆ ಭಾವ, ಒಳಗೆ ಹೋಗಿ ದೋಣಿ ತೋರಿಸಿ. ನಾನೇ ಕೆರೆದು ತೆಗೀತೀನಿ."

ಪಾಸು ಕೇಳಿದರು. ಸಾಲಿನ ಬಾಲ ತೋರಿಸಿದೆ. ಬೇರೆ ದಾರಿಯಿಲ್ಲದೆ ನಿಂತರು. ಯಾರೋ ಗುರುತು ಹಿಡಿದು, "ಸಾರ್, ಈಜು ಬರುತ್ತಾ?" ಎಂದು ಕೂಗಿದ, ಸಾಲಿಗೆ ಸಾಲೇ ಗೊಳ್ಳೆಂದಿತು. ಅವರು ಎರಡು ಗಂಟೆ ಕದಲದೆ ಚಿತ್ರ ನೋಡಿದರು. ನಾನು ಬಾಗಿಲಲ್ಲಿ ನಿಂತು ಅವರನ್ನೇ ನೋಡಿದೆ. ಭಾನುವಾರದ ಪತ್ರಿಕೆಯಲ್ಲಿ ಒಂದು ಸಾಲಿನ ತಿದ್ದುಪಡಿ ಬಂತು: "ಚಿತ್ರದಲ್ಲಿ ದೋಣಿ ಇಲ್ಲ." ಅದನ್ನೂ ಆಳೆತ್ತರದ ಅಕ್ಷರಗಳಲ್ಲಿ ಬರೆದು, ಅದೇ ಗೋಡೆಗೆ ಅಂಟಿಸಿದೆ.

"ಅಷ್ಟಾದ್ರೂ ಬಿಡ್ಲಿಲ್ವಾ ಚಿಕ್ಕಜ್ಜ!" ಎಂದು ಈಗ ಈ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕವಳು ಭಾವನವರದೇ ಮೊಮ್ಮಗಳು. ಕಣ್ಣೊರೆಸಿಕೊಂಡು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.

"ತಾತ ಸಾಲಲ್ಲಿ ನಿಂತ್ರಲ್ಲ, ಅಲ್ಲಿಂದ ಇನ್ನೊಂದ್ಸಲ ಹೇಳಿ."