ಬಸ್ಸು ನಿಲ್ಲುವ ಜಾಗ

"ಏಯ್ ಬೇವರ್ಸಿ, ಗಳ ನೆಟ್ಟಗೆ ಹಿಡಿಯೋ! ಬೆಳಿಗ್ಗೆನೇ ಕುಡಿದು ಬಂದಿದೀಯಾ?"

ಸರ್ವೆಯವನು ದಡದ ಮೇಲೆ ಕೊಡೆಯ ನೆರಳಲ್ಲಿ ನಿಂತು ಕೂಗಿದ. ಅಳತೆಯ ಗಳ ಹಿಡಿದವನು ಜೌಗಿನೊಳಗೆ, ಎದೆಮಟ್ಟ ನೀರಿನಲ್ಲಿದ್ದ. ಕಾಲಡಿಯ ಕೆಸರು ಜಾರುತ್ತಿತ್ತು. ಅವನು ಚರ್ಚಿನ ಗುಂಡಿ ತೋಡುವವನು. ಇಪ್ಪತ್ತು ವರ್ಷಗಳಿಂದ ಊರಿನಲ್ಲಿ ಸತ್ತವರನ್ನೆಲ್ಲ ಮಣ್ಣಿಗಿಳಿಸಿದವನು. ಹೊಸ ಚರ್ಚು, ಶಾಲೆ, ಅತಿಥಿಗೃಹ ಎಲ್ಲ ಒಂದೇ ಆವರಣದಲ್ಲಿ ಬರಲಿವೆ, ಅಳತೆಗೆ ಆಳು ಬೇಕು ಎಂದು ಫಾದರ್ ಅವನನ್ನು ಕಳಿಸಿದ್ದರು. ಜಾಗ ಊರಿನ ಜಮೀನಿಗೆಲ್ಲ ಒಡೆಯನಾದ ಯಜಮಾನನದು. ಮೇಲೆ ಗೇಣಿದಾರರು ಉಳುತ್ತಿದ್ದ ಹೊಲ, ಕೆಳಗೆ ಜೊಂಡು ಬೆಳೆದ ಜೌಗು. ಎಲ್ಲವನ್ನೂ ಅವನು ದೇವರಿಗೆ ದಾನ ಕೊಟ್ಟಿದ್ದ. ಕಟ್ಟಡ ಸಮಿತಿಗೂ ಅವನೇ ಅಧ್ಯಕ್ಷ. ಉಳುವವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

"ಸಾರ್, ಇಲ್ಲಿ ನನ್ನ ಎದೆಮಟ್ಟ ನೀರಿದೆ."

"ಕಾಗದದಲ್ಲಿ ಒಣಭೂಮಿ ಅಂತಿದೆ. ಕಾಗದ ಸುಳ್ಳಾ, ನೀನು ಸುಳ್ಳಾ?"

ಅವನು ಗಳ ಎತ್ತಿಕೊಂಡು ಮುಂದಿನ ಗುರುತಿನ ಕಡೆ ನಡೆದ. ಆ ಗುರುತು ಜೊಂಡಿನ ಅಂಚಿನ ದಿಬ್ಬಕ್ಕೆ ಬಿದ್ದಿತ್ತು. ಅವನು ಗಳ ಊರಿ ಅಲ್ಲೇ ನಿಂತ.

ಆ ದಿಬ್ಬದಲ್ಲಿ ಅವನ ಮಗಳಿದ್ದಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಕೂಸು, ಮೂರೇ ದಿನ ಬದುಕಿತ್ತು. ಅದಾಗಿ ನಾಲ್ಕು ವರ್ಷ. ಜ್ಞಾನಸ್ನಾನ ಆಗಿಲ್ಲ, ಸ್ಮಶಾನದಲ್ಲಿ ಜಾಗ ಕೊಡಲಾಗದು ಎಂದಿದ್ದರು ಫಾದರ್. ಉಸಿರಿದ್ದಾಗ ಜ್ಞಾನಸ್ನಾನ ಮಾಡಿಸಿ ಎಂದು ಅವನು ಎರಡು ಸಲ ಓಡಿ ಹೋಗಿ ಅವರ ಬಾಗಿಲು ಬಡಿದಿದ್ದ. ಎರಡು ಸಲವೂ ಅವರು ಯಜಮಾನನ ಮನೆಯ ಊಟಕ್ಕೆ ಹೋಗಿದ್ದರು. ಅವನ ಹೆಂಡತಿ ಜೌಗಿನ ಜೊಂಡು ಕೊಯ್ದು ಚಾಪೆ ಹೆಣೆಯುವವಳು. ಆ ದಿಬ್ಬದ ಸುತ್ತಲಿನ ಜೊಂಡಿಗೆ ಮಾತ್ರ ಅವಳು ಕುಡುಗೋಲು ತಾಗಿಸುತ್ತಿರಲಿಲ್ಲ.

ಗುರುತು ದಿಬ್ಬಕ್ಕೆ ಬಿದ್ದ ಸುದ್ದಿ ಕೇಳಿ ಅವಳು ಹೆಣೆಯುತ್ತಿದ್ದ ಚಾಪೆ ಬಿಟ್ಟು ಎದ್ದಳು.

"ಫಾದರ್ ಹತ್ರ ಹೋಗೋಣ, ನಡೀರಿ."

"ಅವರು ಹೂಂ ಅಂತಾರಾ?"

"ಅವಳು ಎಷ್ಟುದ್ದ ಇದ್ಲು ಹೇಳಿ. ಅಷ್ಟು ಜಾಗಕ್ಕೂ ಇಲ್ಲ ಅಂತಾರಾ?"

ಅವನು ತನ್ನ ಮುಂಗೈಯ ಉದ್ದವನ್ನೇ ನೋಡಿಕೊಂಡ.

ಚರ್ಚಿನ ಪಕ್ಕದ ಕೋಣೆಯಲ್ಲಿ ಮೇಜಿನ ತುಂಬ ನಕ್ಷೆ ಹರಡಿತ್ತು. ಮೂಲೆಗಳು ಸುರುಳಿಯಾಗದಂತೆ ಟೀ ಲೋಟಗಳನ್ನಿಟ್ಟಿದ್ದರು. ಗಂಡಹೆಂಡಿರ ಕಾಲಿನ ಕೆಸರು ನೋಡಿ ಯಜಮಾನ ಹೊಸ್ತಿಲಾಚೆಯೇ ನಿಲ್ಲಿಸಿದ.

"ನನ್ ಮಗಳಿರೋ ದಿಬ್ಬದಲ್ಲಿ ಏನ್ ಬರುತ್ತೆ ಫಾದರ್?" ಎಂದಳು ಅವಳು.

ಫಾದರ್ ಕನ್ನಡಕ ಸರಿಮಾಡಿಕೊಂಡು ನಕ್ಷೆಯ ಮೇಲೆ ಬೆರಳಾಡಿಸಿದರು. "ಅದು... ಬಸ್ಸು ನಿಲ್ಲೋ ಜಾಗ ಕಣಮ್ಮ."

"ಹಂಗಾದ್ರೆ ಅವಳನ್ನ ಸ್ಮಶಾನಕ್ಕೆ ತರ್ತೀವಿ. ಗುಂಡಿ ಇವರೇ ತೋಡ್ತಾರೆ."

"ಯಾರನ್ನೇ ತರೋದು?" ಯಜಮಾನ ನಕ್ಕ. "ಮೂರು ದಿನದ ಮಾಂಸದ ಮುದ್ದೆ. ಹೆಸರೂ ಇಟ್ಟಿರಲಿಲ್ಲ."

"ಇಟ್ಟಿದ್ವಿ. ನೀವು ಕೇಳಲಿಲ್ಲ."

ಫಾದರ್ ಮೆತ್ತಗೆ ಹೇಳಿದರು: "ನೋಡಮ್ಮ, ದೇವರ ಕೆಲಸಕ್ಕೆ ಆ ಜಾಗ ನೀನೇ ಕೊಟ್ಟೆ ಅಂತ ಅಂದ್ಕೋ. ಮನಸ್ಸಿಗೆ ಸಮಾಧಾನ ಆಗುತ್ತೆ."

"ಅವಳಿಗೆ ಜಾಗ ಇಲ್ಲ ಅಂದ ದೇವರಿಗಾ?"

ಯಜಮಾನ ಕುರ್ಚಿ ದೂಡಿ ಎದ್ದ. "ನಾಲಿಗೆ ಬಿಗಿ ಹಿಡಿಯೇ. ಏಯ್, ಎಳ್ಕೊಂಡ್ ಹೋಗೋ ಇವಳನ್ನ. ಒಂದು ಹೆಂಗಸನ್ನ ಹದ್ದುಬಸ್ತಲ್ಲಿ ಇಡೋಕಾಗದ ನೀನೂ ಒಬ್ಬ ಗಂಡಸಾ, ಥೂ!"

ಬಾಗಿಲು ಅವರ ಮುಖಕ್ಕೆ ಬಡಿಯಿತು.

ಭಾನುವಾರ ಬೆಳಿಗ್ಗೆ ಊರೆಲ್ಲ ಪ್ರಾರ್ಥನೆಗೆ ಕೂತಿದ್ದಾಗ ಇಬ್ಬರೂ ದಿಬ್ಬಕ್ಕೆ ಹೋದರು. ಅವನು ಗುದ್ದಲಿ ಎತ್ತಿದ. ಅವಳು ತಡೆದಳು.

"ಬೇಡ, ತಾಗುತ್ತೆ."

ಅವಳು ಕೈಯಿಂದಲೇ ಬಗೆದಳು. ಒಂದು ಮೊಳ, ಎರಡು ಮೊಳ. ಎಲುಬಿನ ಚೂರಿಲ್ಲ, ಸುತ್ತಿದ್ದ ಬಟ್ಟೆಯ ಒಂದು ನೂಲೂ ಇಲ್ಲ. ಬರೀ ಕಪ್ಪು ಕೆಸರು.

"ನೀರು ತಿಂದುಬಿಟ್ಟಿದೆ ಕಣೆ," ಎಂದ.

"ಎಲ್ಲೂ ಹೋಗಿಲ್ಲ. ಇದರಲ್ಲೇ ಇದಾಳೆ." ಅವಳು ಆ ಕೆಸರನ್ನೇ ಬೊಗಸೆ ಬೊಗಸೆಯಾಗಿ ಎತ್ತಿ ಬುಟ್ಟಿಗೆ ತುಂಬಿದಳು.

ಪ್ರಾರ್ಥನೆ ಮುಗಿದು ಜನ ಹೊರಬಂದಾಗ ಅವನು ಸ್ಮಶಾನದ ಮೊದಲ ಸಾಲಿನಲ್ಲಿ, ಯಜಮಾನನ ಅಪ್ಪನ ಅಮೃತಶಿಲೆಯ ಸಮಾಧಿಯ ಪಕ್ಕದಲ್ಲಿ ಅಗೆಯುತ್ತಿದ್ದ.

"ಯಾರಿಗೋ ಗುಂಡಿ? ಯಾರು ಸತ್ತಿದಾರೋ?" ಯಜಮಾನ ಓಡಿ ಬಂದ.

"ನನ್ನ ಮಗಳು."

"ಬೋಳಿಮಗನೆ, ನಮ್ಮಪ್ಪನ ಪಕ್ಕದಲ್ಲಾ!" ಯಜಮಾನ ಗುದ್ದಲಿ ಕಸಿದು ಬೇಲಿಯಾಚೆ ಎಸೆದ. ಹಿಂದೆ ನಿಂತಿದ್ದ ಗೇಣಿದಾರರ ಕಡೆ ತಿರುಗಿದ. "ಏನ್ ನೋಡ್ತಾ ನಿಂತಿದೀರೋ? ಎಳೆದು ಹಾಕ್ರೋ ಅವನನ್ನ!"

ಗೇಣಿದಾರರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಅವನ ಮೈಮುಟ್ಟಲಿಲ್ಲ. ಅವನ ನೆರವಿಗೂ ಯಾರೂ ಬರಲಿಲ್ಲ. ಫಾದರ್ ಬಾಗಿಲಲ್ಲೇ ಪುಸ್ತಕ ಎದೆಗವಚಿಕೊಂಡು ನಿಂತಿದ್ದರು. ಜೌಗಿನ ಕಡೆಯಿಂದ ಲಾರಿಯೊಂದು ಮಣ್ಣು ಸುರಿಯುವ ಸದ್ದು ಕೇಳಿಬಂತು.

ಅವನು ಮಂಡಿಯೂರಿ ಬರಿಗೈಯಲ್ಲಿ ಅಗೆಯತೊಡಗಿದ. ಗಟ್ಟಿ ನೆಲ. ಉಗುರು ಕಿತ್ತು ರಕ್ತ ಬಂತು. ಅವಳು ಗುಂಡಿಯಂಚಿನಲ್ಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೆಣಿಗೆಯ ಸಂದಿನಿಂದ ಕಪ್ಪು ನೀರು ಅವಳ ತೊಡೆಯ ಮೇಲೆ ಸೋರುತ್ತಿತ್ತು.

"ಆಳ ಸಾಕೇನೇ?" ತಲೆಯೆತ್ತದೆ ಕೇಳಿದ.

ಅವಳು ಬಗ್ಗಿ ನೋಡಿದಳು.

"ಇನ್ನೊಂಚೂರು," ಎಂದಳು.