ಹತ್ತು ಬಿಳಿ, ಒಂದು ಕಪ್ಪು

ಪರದೇಶದ ಅಧಿಕಾರಿ ಸೋಪಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಅಂಗಿಯ ಗುಂಡಿಗಳು ಪಟಪಟನೆ ಬಿದ್ದು ಉರುಳಾಡಿದವು. ಆಸ್ಪತ್ರೆಯ ಬಟ್ಟೆ ಒಗೆಯುವ ಆ ಹಬೆ ತುಂಬಿದ ಕೋಣೆಯಲ್ಲಿ ಕೆಲಸಗಾರರೆಲ್ಲ ಸೇರಿದ್ದರು. ಅವನು ಬೆರಳ ತುದಿಯಿಂದ ಒಂದೊಂದನ್ನೇ ಸರಿಸುತ್ತ ಎಣಿಸಿದ. ಹತ್ತು ಬಿಳಿ. ಒಂದು ಕಪ್ಪು.

ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದ ಅತ್ತಿಗೆ ಕಣ್ಣಲ್ಲೇ ಮತ್ತೊಮ್ಮೆ ಎಣಿಸಿದಳು. ಒಂದೇ ಒಂದಾ? ಅಯ್ಯೋ ದೇವರೇ! ನಾಲ್ಕೈದಾದರೂ ಕಪ್ಪು ಬೀಳುತ್ತವೆ, ಅವುಗಳ ನಡುವೆ ತನ್ನದೂ ಒಂದು ಅಡಗಿಕೊಳ್ಳುತ್ತದೆ ಎಂದುಕೊಂಡಿದ್ದಳು. ನಿನ್ನೆಯವರೆಗೂ ಬೆನ್ನ ಹಿಂದೆ ಮೇಸ್ತ್ರಿಗೆ ಹಿಡಿಶಾಪ ಹಾಕದವರು ಈ ಕೋಣೆಯಲ್ಲಿ ಯಾರಿದ್ದರು? ಎಲ್ಲರೂ ಬಾಯಲ್ಲೇ ಶೂರರು. ಇಲ್ಲೇ ಕೆಲಸ ಮಾಡುವ ನಾದಿನಿ ಅವಳನ್ನು ಅತ್ತಿಗೆ ಎಂದು ಕರೆಯುತ್ತಾಳೆಂದು ಇಡೀ ಕೋಣೆಗೇ ಅವಳು ಅತ್ತಿಗೆಯಾಗಿದ್ದಳು. ಈಗ ನೋಡಿದರೆ ಎಲ್ಲ ನಂಟೂ ಅಷ್ಟಕ್ಕಷ್ಟೇ.

ಚುನಾವಣೆಯಂತೆ ಚುನಾವಣೆ! ಪರದೇಶದ ಸೈನ್ಯ ಬಂದು ಹಳೆಯ ದೊರೆಯನ್ನು ಓಡಿಸಿತು, ಸರಿ. ಆಮೇಲೆ ಒಂದು ಹುಕುಂ ಹೊರಟಿತು: ಹತ್ತು ಜನರಿಗಿಂತ ಹೆಚ್ಚು ದುಡಿಯುವ ಕಡೆಯಲ್ಲೆಲ್ಲ ಕೆಲಸಗಾರರೇ ತಮ್ಮ ಮುಖ್ಯಸ್ಥನನ್ನು ಆರಿಸಿಕೊಳ್ಳಬೇಕು, ಇಬ್ಬರಾದರೂ ನಿಲ್ಲಬೇಕು. ಮೇಸ್ತ್ರಿ ತಾನು ನಿಂತ. ತನ್ನೆದುರಿಗೆ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕಿವುಡಜ್ಜನನ್ನು ತಾನೇ ನಿಲ್ಲಿಸಿದ. ಓದು ಬಾರದವರೂ ಇದ್ದರಲ್ಲ, ಅದಕ್ಕೆ ಒಗೆಯುವಾಗ ಕಿತ್ತುಬಂದ ಗುಂಡಿಗಳೇ ಓಟು. ಬಿಳಿ ಮೇಸ್ತ್ರಿಗೆ, ಕಪ್ಪು ಅಜ್ಜನಿಗೆ. ಎಲ್ಲರ ಕೈಗೂ ಒಂದು ಬಿಳಿ, ಒಂದು ಕಪ್ಪು ಗುಂಡಿ ಕೊಟ್ಟು, ನೇತುಹಾಕಿದ ಬೆಡ್‌ಶೀಟಿನ ಹಿಂದೆ ಹೋಗಿ ಒಂದನ್ನು ಡಬ್ಬಿಗೆ ಹಾಕಿ ಬನ್ನಿ ಎಂದರು. ಉಳಿದ ಇನ್ನೊಂದನ್ನು ಏನು ಮಾಡಬೇಕು ಅಂತ ಹುಕುಂ ಬರೆದ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ. ಅದು ಅವರವರ ಮುಷ್ಟಿಯಲ್ಲೇ ಉಳಿಯಿತು.

ಅಧಿಕಾರಿ ಕಪ್ಪು ಗುಂಡಿಯನ್ನು ಎತ್ತಿ ಹಿಡಿದು ಏನೋ ಹೇಳಿದ. ದುಭಾಷಿ ಹಣೆ ಒರೆಸಿಕೊಂಡ.

"ಈ ಕೋಣೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳೋದು ಇದೇ ಅಂತಾರೆ ಸಾಹೇಬ್ರು. ಯಾರಿಗೂ ಭಯ ಇಲ್ಲ ಅನ್ನೋದಕ್ಕೆ ಇದೇ ಸಾಕ್ಷಿಯಂತೆ."

ಅಧಿಕಾರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಕೆಟ್ಟ ಮನುಷ್ಯನಲ್ಲ, ಅದೇ ಸಂಕಟ. ಎಲ್ಲರ ಒದ್ದೆ ಕೈಗಳನ್ನೂ ಹಿಡಿದು ಕುಲುಕಿದ. ಮೇಸ್ತ್ರಿಗೆ ಮೊಹರು ಒತ್ತಿದ ಒಂದು ಕಾಗದ ಕೊಟ್ಟ.

ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದಳು. ಕೇಳಿಯೇಬಿಟ್ಟಳು. "ಸಾಹೇಬ್ರು ಮತ್ತೆ ಯಾವಾಗ ಬರ್ತಾರೆ, ಕೇಳಿ ಸ್ವಲ್ಪ."

ದುಭಾಷಿ ಅವಳನ್ನೂ ಮೇಸ್ತ್ರಿಯನ್ನೂ ನೋಡಿ, ತಗ್ಗಿದ ದನಿಯಲ್ಲಿ ಕೇಳಿ ಹೇಳಿದ. "ಇಲ್ಲಿಂದ ಹಿಟ್ಟಿನ ಗಿರಣಿಗೆ, ಆಮೇಲೆ ಬಂದರಿಗೆ. ಮತ್ತೆ ಬರೋ ಅಗತ್ಯ ಇಲ್ವಂತಮ್ಮ. ಇನ್ಮೇಲೆ ನಿಮಗೆ ನೀವೇ ಯಜಮಾನರಂತೆ."

ಜೀಪಿನ ಸದ್ದು ರಸ್ತೆಯ ತಿರುವಿನಲ್ಲಿ ಕರಗಿತು. ಮೇಸ್ತ್ರಿ ತಾನೇ ಹೋಗಿ ಬಾಗಿಲು ಹಾಕಿ ಬಂದ.

"ಹೂಂ. ಯಾರಪ್ಪಾ ಆ ಧೈರ್ಯಸ್ಥರು?"

ಅವನ ಈ ದನಿ ಎಲ್ಲರಿಗೂ ಗೊತ್ತು. ಹಳೆಯ ದೊರೆಯ ಕಾಲದಲ್ಲಿ ಇಲ್ಲಿ ಬಟ್ಟೆಯ ಗಾಡಿ ತಳ್ಳುತ್ತಿದ್ದವನೊಬ್ಬ ದೊರೆಯ ಮೀಸೆಯ ಬಗ್ಗೆ ಏನೋ ತಮಾಷೆ ಮಾಡಿ ನಗಿಸಿದ್ದ. ಮೇಸ್ತ್ರಿ ಅದನ್ನು ಮೇಲಿನವರ ಕಿವಿಗೆ ಹಾಕಿದ. ಎರಡು ದಿನದಲ್ಲಿ ಬಂದು ಕರೆದುಕೊಂಡು ಹೋದರು, ಹೋದವನು ಬರಲಿಲ್ಲ. ಅವನು ಅತ್ತಿಗೆಯ ಗಂಡ, ನಾದಿನಿಯ ಅಣ್ಣ. ಮೂರು ಹೊಟ್ಟೆ, ಅತ್ತೆಯ ಔಷಧಿ. ಇಬ್ಬರೂ ಹಲ್ಲು ಕಚ್ಚಿಕೊಂಡು ಅದೇ ಮೇಸ್ತ್ರಿಯ ಕೈಕೆಳಗೇ ದುಡಿದರು. ಅಷ್ಟು ವರ್ಷ ನುಂಗಿಕೊಂಡದ್ದನ್ನೇ ಅತ್ತಿಗೆ ಇವತ್ತು ಬೆಡ್‌ಶೀಟಿನ ಮರೆಯಲ್ಲಿ ಡಬ್ಬಿಗೆ ಹಾಕಿದ್ದಳು.

"ಹೇಳಲ್ವಾ? ಬೇಡ ಬಿಡಿ." ಮೇಸ್ತ್ರಿ ನಕ್ಕ. "ಉಳಿದಿರೋ ಗುಂಡಿ ತೋರಿಸಿ. ಎಲ್ಲರೂ."

ಬುದ್ಧಿವಂತ, ಹಾಳಾದವನು! ಅತ್ತಿಗೆಯ ಮುಷ್ಟಿಯಲ್ಲಿ ಬಿಳಿ ಗುಂಡಿ ಬೆವರಿನಿಂದ ಜಾರುತ್ತಿತ್ತು. ಕೆಳಗೆ ಬಿಡೋಣವೆಂದರೆ ಕಲ್ಲಿನ ನೆಲ, ಸದ್ದಾಗುತ್ತದೆ. ಬಾಯಿಗೆ ಹಾಕಿಕೊಳ್ಳೋಣವೆಂದರೆ ಅವನ ಕಣ್ಣು ಇತ್ತಲೇ ಇತ್ತು.

ಮೊದಲು ಕಿವುಡಜ್ಜ. ಅವನಿಗೆ ಸನ್ನೆಯಲ್ಲೇ ಕೇಳಬೇಕಾಯಿತು. "ನನಗ್ಯಾಕಪ್ಪಾ ಯಜಮಾನಿಕೆ? ನಿನಗೇ ಹಾಕ್ದೆ," ಎಂದು ಕೂಗಿ ಕಪ್ಪು ಗುಂಡಿ ತೋರಿಸಿದ. ಒಬ್ಬೊಬ್ಬರದೇ ಅಂಗೈ ತೆರೆಯುತ್ತ ಹೋಯಿತು. ಕಪ್ಪು, ಕಪ್ಪು, ಕಪ್ಪು. ಮೇಸ್ತ್ರಿ ನಾದಿನಿಯ ಮುಂದೆ ಬಂದು ನಿಂತ. ಅವಳ ಕೈ ಖಾಲಿಯಾಗಿತ್ತು.

"ಎಲ್ಲಿ?"

"ಮೋರಿಗೆ ಎಸೆದೆ ಸಾರ್."

"ಏನು?"

"ಕರೀದು ನನಗ್ಯಾಕೆ ಅಂತ ಎಸೆದುಬಿಟ್ಟೆ. ನಿಮ್ಮಾಣೆ ಸಾರ್, ನಿಮಗೇ ಹಾಕಿದ್ದು!"

"ನನ್ನಾಣೆ ಬೇರೆ ಕೇಡು ನಿನಗೆ! ನಿಮ್ಮಣ್ಣನ ನಾಲಗೆಯೇ ಬಂದಿದೆ." ಮೇಸ್ತ್ರಿ ಎಲ್ಲರತ್ತ ತಿರುಗಿದ. "ಇನ್ನು ನೋಡೋದೇನಿದೆ? ಆದ್ರೆ ಕೇಳಿ, ಈಗ ಕಾಲ ಹಾಗಿಲ್ಲ. ಕೆಲಸದಿಂದ ಒಬ್ಬರನ್ನ ತೆಗೀಬೇಕಾದ್ರೂ ಎಲ್ಲರ ಒಪ್ಪಿಗೆ ಬೇಕಂತೆ. ಸಾಹೇಬ್ರ ಕಾನೂನು, ನಾನು ಮೀರೋನಲ್ಲ. ಇವಳು ಹೋಗ್ಬೇಕು ಅನ್ನೋರು ಕೈ ಎತ್ತಿ."

ನಾದಿನಿ ಅಳಲಿಲ್ಲ. ನೀರಿನಿಂದ ತೆಗೆದ ಬಟ್ಟೆಯಂತೆ ಜೋತುಬಿದ್ದಳು. ಹಿಂದಿನ ಸಾಲಿನಲ್ಲಿ ಯಾವುದೋ ಕೈ ಮೇಲೇಳಲು ಹೊರಟಿತ್ತು. ಅತ್ತಿಗೆ ಅದನ್ನು ನೋಡಿದಳು. ಸುಮ್ಮನಿದ್ದರೆ ಆಯಿತು, ತನ್ನ ಕೆಲಸ ಉಳಿಯುತ್ತದೆ. ಹಾಗನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಅವಳಲ್ಲ," ಎಂದು ಮುಷ್ಟಿ ಬಿಚ್ಚಿದಳು. "ನಾನು."

ಬಿಳಿ ಗುಂಡಿಯನ್ನು ಎಲ್ಲರೂ ನೋಡಿದರು. ಮೇಸ್ತ್ರಿ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ.

"ಯಾಕಮ್ಮಾ? ಅನ್ನ ಹಾಕಿದೋನಿಗೆ ಹೀಗಾ ಮಾಡೋದು?"

"ಯಾಕೆ ಅಂತ ನಿಮಗೆ ಚೆನ್ನಾಗಿ ಗೊತ್ತು."

ಅವನ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಆಮೇಲೆ ಮೊದಲಿನ ದನಿಯಲ್ಲೇ ಹೇಳಿದ. "ಸರಿ ಹಾಗಾದ್ರೆ. ಇವಳು ಹೋಗ್ಬೇಕು ಅನ್ನೋರು?"

ಮೊದಲ ಕೈ ಅತ್ತಿಗೆಯ ಪಕ್ಕದಲ್ಲೇ ಮೇಲೆದ್ದಿತು. ಬಳೆಯ ಸದ್ದಿನಿಂದಲೇ ಅವಳಿಗೆ ಯಾರದೆಂದು ಗೊತ್ತಾಯಿತು. ತಿರುಗಿ ನೋಡಲಿಲ್ಲ. ಅದರ ಹಿಂದೆಯೇ ಉಳಿದವೂ ಎದ್ದವು. ಕಿವುಡಜ್ಜ ಮಾತ್ರ ಮಿಕಿಮಿಕಿ ನೋಡುತ್ತಿದ್ದ. "ಏನಂತೆ? ಮತ್ತೆ ಚುನಾವಣೆನಾ?" ಎಂದ. ಪಕ್ಕದವನು ಅವನ ಕೈಯನ್ನು ಹಿಡಿದು ಮೇಲಕ್ಕೆತ್ತಿದ.

"ಎಲ್ಲರೂ ಒಪ್ಪಿದ್ದಾರೆ," ಎಂದ ಮೇಸ್ತ್ರಿ. "ಇದಲ್ವಾ ಸಾಹೇಬ್ರ ಕಾನೂನಿನ ಮಜಾ!"

ಸಂಜೆ ನಾದಿನಿ ಮನೆಗೆ ಬಂದು ಹೊಸ್ತಿಲಾಚೆಯೇ ನಿಂತಳು. ಅತ್ತಿಗೆ ಬಾಗಿಲಲ್ಲೇ ಇದ್ದಳು. ಒಳಗಿನಿಂದ ಅತ್ತೆ, "ಇಬ್ಬರೂ ಬಂದ್ರೇನ್ರೇ?" ಎಂದು ಕೂಗಿದಳು. ನಡೆದದ್ದನ್ನು ಅತ್ತಿಗೆ ಇನ್ನೂ ಹೇಳಿರಲಿಲ್ಲ.

"ನಾನು ಎತ್ತದೇ ಇದ್ದಿದ್ರೆ ಇಬ್ಬರೂ ಮನೇಲಿ ಕೂತಿರ್ತಿದ್ವಿ ಅತ್ತಿಗೆ," ಎಂದಳು ನಾದಿನಿ ಪಿಸುದನಿಯಲ್ಲಿ. "ಅಮ್ಮನ ಔಷಧಿಗೆ ದುಡ್ಡು ಯಾರು ತರ್ತಿದ್ರು?"

"ಗೊತ್ತು ಪುಟ್ಟಿ. ಎತ್ತಿದ್ದಕ್ಕೆ ನನಗೇನೂ ಬೇಜಾರಿಲ್ಲ."

"ಮತ್ತೆ ಯಾಕೆ ಮುಖ ನೋಡ್ತಿಲ್ಲ?"

"ಎಲ್ಲರಿಗಿಂತ ಮೊದಲು ಎತ್ತಿದ್ಯಲ್ಲೇ."

ನಾದಿನಿ ಕೈಬಳೆಗಳನ್ನು ಮೇಲಕ್ಕೆ ತಳ್ಳಿಕೊಂಡಳು. "ಅವನು ನನ್ನನ್ನೇ ನೋಡ್ತಿದ್ದ," ಎಂದಳು.

ಅತ್ತಿಗೆ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. "ಒಳಗೆ ಬಾ. ಚಳಿ ಬರ್ತಿದೆ."

ಅತ್ತೆ ಮೂರು ತಟ್ಟೆ ಹಾಕಿ ಬಡಿಸಿದಳು. "ಏನ್ರೇ, ಇಬ್ಬರಿಗೂ ಬಾಯಿ ಬಿದ್ದುಹೋಯ್ತಾ? ಚುನಾವಣೆ ಅಂದಿದ್ರಲ್ಲ, ಯಾರು ಗೆದ್ರು?" ಎಂದು ಕೇಳಿದಳು. ನಾದಿನಿ ತನ್ನ ತಟ್ಟೆಯಲ್ಲಿದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತೆಗೆದು ಅತ್ತಿಗೆಯ ತಟ್ಟೆಗೆ ಹಾಕಿದಳು. ಅತ್ತಿಗೆ ಬೇಡವೆನ್ನಲಿಲ್ಲ. ಮುಟ್ಟಲೂ ಇಲ್ಲ.