ಕುಮ್ ಹೇಳಲೆಂದು ಕಾದ ರಜಾಯಿ ಅಂಗಡಿ

ನಮ್ಮ ಪೇಟೆ ಬೀದಿಯಲ್ಲಿ ಚಳಿ ಬರುವ ಮೊದಲೇ ಹೆಂಗಸರು ಬರುತ್ತಾರೆ. ಒಬ್ಬಳು ತಳ್ಳುಗಾಡಿಯಲ್ಲಿ, ಒಬ್ಬಳು ಸೈಕಲ್ಲಿನ ಹಿಂದೆ, ಇನ್ನೊಬ್ಬಳು ಬಗಲಲ್ಲಿ ಹಳೆಯ ರಜಾಯಿ ಹೊತ್ತು ರಾಡಿಸಾವ್‌ನ ಅಂಗಡಿಗೆ ನಡೆಯುತ್ತಾಳೆ. ಅವನು ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಉಣ್ಣೆಯನ್ನು ಯಂತ್ರದಲ್ಲಿ ಹಿಂಜಿ, ಹೊಸ ಬಟ್ಟೆ ಹಾಕಿ ಮತ್ತೆ ಹೊಲಿದು ಕೊಡುತ್ತಾನೆ. ಒಬ್ಬರ ಉಣ್ಣೆ ಇನ್ನೊಬ್ಬರದಕ್ಕೆ ಬೆರೆಯುವಂತಿಲ್ಲ. ಅದು ಅಜ್ಜಿಯ ಕುರಿಯ ಉಣ್ಣೆ, ಅಮ್ಮನ ಮದುವೆಯ ಉಣ್ಣೆ. ಬೆರೆತರೆ ಜಗಳ ಬೀದಿಗೆ ಬರುತ್ತದೆ. ನನ್ನ ಗಡಿಯಾರ ರಿಪೇರಿ ಅಂಗಡಿ ಅವನ ಅಂಗಡಿಯ ಎದುರಿಗೇ ಇರುವುದರಿಂದ ಇದನ್ನೆಲ್ಲ ಪ್ರತಿವರ್ಷ ನೋಡುತ್ತೇನೆ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಆ ಹಿಂಜುವ ಯಂತ್ರ ನಿಂತುಹೋಯಿತು. ಹಲ್ಲಿನ ಉರುಳೆ ಸವೆದಿತ್ತು. ಅದನ್ನು ತಯಾರಿಸುತ್ತಿದ್ದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ನಗರದಿಂದ ಬಂದ ಮೆಕ್ಯಾನಿಕ್ ಒಂದು ಸುತ್ತು ನೋಡಿ, "ಇದನ್ನ ಮ್ಯೂಸಿಯಮ್ಮಿಗೆ ಕೊಡಿ, ಅವರು ಒರೆಸಿ ಇಟ್ಕೋತಾರೆ," ಎಂದು ಹೇಳಿ ಹೋದ. ಬಂದ ಉಣ್ಣೆಯ ಗಂಟುಗಳು ಗೋಡೆಯ ಪಕ್ಕ ರಾಶಿಯಾದವು. ರಾಡಿಸಾವ್‌ನ ಹೆಂಡತಿ ದೇಸಾಂಕಾ ಕೈಬಾಚಣಿಗೆ ಹಿಡಿದು ಹಿಂಜಲು ಕೂತಳು. ಯಂತ್ರ ಒಂದು ಗಂಟೆಯಲ್ಲಿ ಮಾಡುವುದನ್ನು ಅವಳು ವಾರವೆಲ್ಲ ಮಾಡಿದರೂ ಮುಗಿಯುತ್ತಿರಲಿಲ್ಲ. ಚಳಿಗಾಲದ ಕೆಲಸ ತಪ್ಪಿದರೆ ಅವರಿಗೆ ವರ್ಷವೇ ತಪ್ಪಿದಂತೆ. ಅಂಗಡಿಯ ಬಾಗಿಲು ಮುಚ್ಚುವುದೊಂದೇ ಉಳಿಯುತ್ತದೆ.

ಪಕ್ಕದಲ್ಲಿ ಬೂರೆಕ್ ಎಂಬ ಪದರ ರೊಟ್ಟಿ ಸುಡುವ ಮಿಲುಂಕಾಳ ಅಂಗಡಿ. ಒಂದು ಬೆಳಿಗ್ಗೆ ಅವಳು ಬಿಸಿ ಬೂರೆಕ್ಕನ್ನೂ ಮೊಸರನ್ನೂ ತಂದು ಇವರ ಮುಂದಿಟ್ಟಳು.

"ರಾಡಿಸಾವಣ್ಣ, ಪುರಸಭೆಗೆ ಹೋಗಿದ್ಯಾ?"

"ಯಾಕೆ? ಕಸದ ದುಡ್ಡು ಕಟ್ಟಾಯ್ತಲ್ಲ."

"ಕಸದ್ದಲ್ಲ ಮಾರಾಯ. ಕೆಳಗಡೆ, ಮೆಟ್ಟಿಲ ಪಕ್ಕ ಒಂದು ಕೋಣೆ ಇದೆ. ನಮ್ಮಂಥ ಸಣ್ಣ ಅಂಗಡಿಯೋರಿಗೇ ಅಂತ ಮಾಡಿರೋದು. ಮಂಗಳವಾರ, ಗುರುವಾರ ಯಾಸ್ನಾ ಅನ್ನೋ ಹುಡುಗಿ ಕೂತಿರ್ತಾಳೆ. ನನ್ನ ಒಲೆ ಒಡೆದಾಗ ಅವಳೇ ದಾರಿ ತೋರ್ಸಿದ್ದು. ಯಂತ್ರ ಕೊಳ್ಳೋದಕ್ಕೆ ನೆರವು ಕೊಡೋ ಯೋಜನೆ ವಸಂತಕ್ಕೊಂದು ಸಲ, ಶರತ್ಕಾಲಕ್ಕೊಂದು ಸಲ ತೆರೀತಾರೆ. ಈಗ ತೆರೆದಿದೆ."

"ನಿಂಗೆ ಯಾರ ವಶೀಲಿ ಇತ್ತು?"

"ಯಾರದ್ದೂ ಇಲ್ಲ."

"ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬಿಡು. ನಾನೇನು ಊರಿಗೆಲ್ಲ ಸಾರ್ತೀನಾ?"

"ಬಾಗಿಲು ತಳ್ಳಿದೆ. ಕುರ್ಚಿ ಇತ್ತು. ಕೂತೆ. ಅಷ್ಟೇ ನನ್ನ ವಶೀಲಿ."

"ಬಾಗಿಲು ತಳ್ಳಿದೋರಿಗೆಲ್ಲ ಕೆಲಸ ಆಗೋದಾದ್ರೆ," ಎಂದ ರಾಡಿಸಾವ್ ಬೂರೆಕ್ ಮುರಿಯುತ್ತ, "ಈ ಊರಲ್ಲಿ ಒಂದು ಬಾಗಿಲೂ ನೆಟ್ಟಗೆ ಉಳೀತಿರಲಿಲ್ಲ."

ಇದು ಅವನೊಬ್ಬನ ಕಾಯಿಲೆಯಲ್ಲ. ನಮ್ಮೂರಲ್ಲಿ ಹಲ್ಲು ಕೀಳಿಸಬೇಕಾದರೂ ಮೊದಲು ಡಾಕ್ಟರು ಯಾರ ಕಡೆಯವರೆಂದು ವಿಚಾರಿಸುತ್ತೇವೆ. ಕಚೇರಿಗೆ ಹೋಗುವಾಗ ಕೈಚೀಲದಲ್ಲಿ ಕಾಫಿ ಪುಡಿಯ ಪೊಟ್ಟಣ, ಕೆಲಸ ದೊಡ್ಡದಾದರೆ ಮನೆಯಲ್ಲಿ ಇಳಿಸಿದ ಪ್ಲಮ್ ಹಣ್ಣಿನ ಸಾರಾಯಿ, ರಕಿಯಾದ ಶೀಶೆ. ಅವೆರಡೂ ಇಲ್ಲದೆ ಹೋದವನು ಬರಿಗಾಲಲ್ಲಿ ಹೋದವನಂತೆ ನಾಚುತ್ತಾನೆ. ಕೆಲಸ ತಾನಾಗಿಯೇ ಆದರೂ ನಮಗೆ ನಂಬಿಕೆ ಬರುವುದಿಲ್ಲ.

ರಾಡಿಸಾವ್ ಮಿಲುಂಕಾಳ ಮಾತು ಬಿಟ್ಟು ತಿಹೊಮಿರ್‌ನ ಹತ್ತಿರ ಹೋದ. ಹೊಳೆಯ ದಡದಲ್ಲಿ ವೈನ್ ಪೀಪಾಯಿ ಮಾಡುವ ತಿಹೊಮಿರ್ ಇವನ ಕುಮ್. ಎಂದರೆ, ಇವನ ಮದುವೆಗೆ ಸಾಕ್ಷಿ ನಿಂತವನು, ಮಕ್ಕಳಿಗೆ ಹೆಸರಿಟ್ಟವನು; ಮಾತಾಡಿಸುವಾಗ ಇಬ್ಬರೂ ಒಬ್ಬರನ್ನೊಬ್ಬರು 'ಕುಮೆ' ಎನ್ನುತ್ತಾರೆ. ನಮ್ಮಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟರೆ ಊರು ಸಹಿಸುತ್ತದೆ. ಕುಮ್ ಜೊತೆ ಮಾತು ಬಿಟ್ಟವನಿಗೆ ಯಾರೂ ಮುಖ ಕೊಡುವುದಿಲ್ಲ.

"ನಮ್ಮ ಭಾವಮೈದ ಪುರಸಭೆ ಅಧ್ಯಕ್ಷರ ಕಾರು ಓಡಿಸ್ತಾನೆ," ಎಂದ ತಿಹೊಮಿರ್. "ಅವನಿಗೆ ಹೇಳ್ತೀನಿ. ನೀನು ಮಾತ್ರ ಆ ಕಡೆ ತಲೆ ಹಾಕ್ಬೇಡ. ನಿಂಗೆ ಮಾತಾಡೋಕೆ ಬರಲ್ಲ, ಇರೋದನ್ನೆಲ್ಲ ಹೇಳಿ ಕೆಡಿಸ್ತೀಯ. ನಾನು ಹೋಗು ಅಂದಾಗ ಹೋಗು."

ರಾಡಿಸಾವ್ ನಿರಾಳವಾಗಿ ಮನೆಗೆ ಬಂದ. ವಶೀಲಿ ಸಿಕ್ಕಿತ್ತು.

ಅಕ್ಟೋಬರ್ ಬಂತು. ಮಿಲುಂಕಾ ಸಿಕ್ಕಾಗಲೆಲ್ಲ ಅದೇ ಮಾತು ಎತ್ತುತ್ತಿದ್ದಳು. "ಅರ್ಜಿ ತಗೊಳ್ಳೋದು ಮುಚ್ಚಿಬಿಡ್ತಾರೆ ಕಣಣ್ಣ. ಹೋಗಿ ಒಂದು ಮಾತು ಕೇಳ್ಕೊಂಡು ಬಾ. ಕೇಳೋದಕ್ಕೆ ದುಡ್ಡಿಲ್ಲ."

"ಕುಮ್‌ಗೆ ಹೇಳಿಯಾಗಿದೆ. ಈಗ ಅವನ ತಲೆ ದಾಟಿ ನಾನೇ ಹೋದ್ರೆ, ನಿನ್ನ ಕೈಲಿ ಏನೂ ಆಗಲ್ಲ ಅಂತ ಅವನ ಮುಖಕ್ಕೇ ಹೇಳಿದ ಹಾಗೆ."

"ಹಾಗಾದ್ರೆ ಅವನನ್ನೇ ಕೇಳು, ಏನಾಯ್ತು ಅಂತ."

"ಕೇಳಿದ್ರೆ ಅವಸರ ಮಾಡ್ದೆ ಅಂದ್ಕೋತಾನೆ."

"ಹೋಗ್ಲೂಬಾರ್ದು, ಕೇಳ್ಲೂಬಾರ್ದು. ಚೆನ್ನಾಗಿದೆ ನಿಮ್ಮಿಬ್ಬರ ಮರ್ಯಾದೆ," ಎಂದು ಮಿಲುಂಕಾ ತನ್ನ ಒಲೆಗೆ ಹಿಂತಿರುಗಿದಳು.

ಆ ತಿಂಗಳ ಕೊನೆಯಲ್ಲಿ ಸ್ಟಾಮೆನಾ ಎಂಬ ಹೆಂಗಸು ತನ್ನ ಗಂಟನ್ನು ವಾಪಸು ಕೇಳಲು ಬಂದಳು. ಅವಳ ಮಗಳ ಮದುವೆ ಹತ್ತಿರವಾಗಿತ್ತು. ತನ್ನ ಮದುವೆಯ ಉಣ್ಣೆಯಲ್ಲೇ ಮಗಳಿಗೆ ರಜಾಯಿ ಆಗಬೇಕೆಂದು ಕೊಟ್ಟಿದ್ದಳು.

"ಏನೂ ಅಂದ್ಕೋಬೇಡಪ್ಪ," ಎಂದಳು. "ಅಂಗಡಿಯಿಂದ ರೆಡಿಮೇಡ್ ತಂದ್ವಿ. ಹುಡುಗಿ ಬರಿಗೈಲಿ ಹೋಗೋಕಾಗಲ್ವಲ್ಲ."

ರಾಡಿಸಾವ್ ಗಂಟು ಎತ್ತಿ ಕೊಟ್ಟ. ಅವಳು ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದ. ಆಮೇಲೆ ಒಳಗೆ ಹೋಗಿ ಕೆಟ್ಟ ಯಂತ್ರದ ಮೇಲೆ ಬಟ್ಟೆ ಮುಚ್ಚಿದ. ಅವನಿಗೆ ಅವಮಾನವಾಗಿತ್ತು. ಅದನ್ನು ಮುಚ್ಚಿಡಲು ಅವನಿಗೆ ಬರುವುದಿಲ್ಲ. ಮರುದಿನದಿಂದ ಬೇರೆಯವರೂ ಗಂಟು ಒಯ್ಯತೊಡಗಿದರು.

ನವೆಂಬರಿನಲ್ಲಿ ರಾಡಿಸಾವ್‌ನ ಮನೆತನ ವರ್ಷವೂ ಮಾಡುವ ಸಂತನ ಹಬ್ಬ. ಕರೆಯದಿದ್ದರೂ ಹೋಗುವ ಹಬ್ಬವಾದ್ದರಿಂದ ನಾವೆಲ್ಲ ಹೋದೆವು. ದೇಸಾಂಕಾ ಮೊದಲು ಬೇಯಿಸಿದ ಸಿಹಿ ಗೋಧಿ ಕೊಟ್ಟಳು, ಆಮೇಲೆ ಎಲೆಕೋಸಿನ ಸುರುಳಿ. ಅವಳ ಬೆರಳುಗಳ ತುದಿಗೆಲ್ಲ ಪಟ್ಟಿ ಕಟ್ಟಿತ್ತು. ಮೇಜಿನ ತುದಿಯ ಗೌರವದ ಕುರ್ಚಿಯಲ್ಲಿ ತಿಹೊಮಿರ್ ಕೂತಿದ್ದ.

"ಆಯ್ತು ಅಂತಲೇ ತಿಳ್ಕೊ, ಕುಮೆ," ಎಂದ ಗ್ಲಾಸ್ ಎತ್ತಿ. "ಮೇಲಿಂದ ಬರ್ತಾ ಇದೆ."

"ಯಾವ ಕೋಣೆಯಿಂದ?" ಎಂದು ಮಿಲುಂಕಾ ಕೇಳಿದಳು.

"ಮೇಲಿನ ಮಹಡಿಯಿಂದ."

"ಆ ಕೋಣೆ ಕೆಳಗಿದೆ."

"ನೀನು ಬೂರೆಕ್ ಸುಡಮ್ಮ. ಇದು ಗಂಡಸರ ವ್ಯವಹಾರ."

"ಸುಡ್ತಾ ಇದೀನಲ್ಲ, ಆ ಕೋಣೆಯೋರು ಕೊಡಿಸಿದ ಒಲೇಲೇ," ಎಂದಳು ಮಿಲುಂಕಾ. ದೇಸಾಂಕಾ ಮಾತ್ರ ನಕ್ಕಳು. ರಾಡಿಸಾವ್ ಕುಮ್‌ನ ಗ್ಲಾಸ್ ತುಂಬಿಸಿದ.

ಮುಂದಿನ ವಾರ ಮೊಬೈಲ್ ಕವರ್ ಮಾರುವ ಒಬ್ಬಾತ ಟೇಪು ತಂದು ಅಂಗಡಿಯ ಅಗಲ ಅಳೆದು ಹೋದ. ಕಟ್ಟಡದ ಮಾಲೀಕನೇ ಕಳಿಸಿದ್ದ. ದೇಸಾಂಕಾ ಬಾಚಣಿಗೆ ಕೆಳಗಿಟ್ಟು ಎಲ್ಲವನ್ನೂ ನೋಡಿದಳು. ಅವನು ಹೋದಮೇಲೆ ಏಪ್ರನ್ ಬಿಚ್ಚಿದಳು.

"ಇವತ್ತು ಮಂಗಳವಾರ. ನಾನು ಹೋಗ್ತೀನಿ."

"ಕುಮ್ ಬೇಜಾರು ಮಾಡ್ಕೋತಾನೆ."

"ನನ್ನ ಮೇಲೆ ಮಾಡ್ಕೊಳ್ಳಲಿ. ಅಂಗಡಿ ಹೋದ್ಮೇಲೆ ಅವನ ಬೇಜಾರನ್ನ ಇಲ್ಲಿ ನೇತುಹಾಕೋಕೆ ಗೋಡೆನೂ ಇರಲ್ಲ."

ಹೆಂಡತಿಯೊಬ್ಬಳನ್ನೇ ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. ಕೋಟು ಹಾಕಿಕೊಂಡ. ಕಾಫಿ ಪೊಟ್ಟಣವನ್ನೂ ರಕಿಯಾ ಶೀಶೆಯನ್ನೂ ಚೀಲಕ್ಕೆ ಹಾಕಿಕೊಂಡ. ಮುಂದಿನದನ್ನು ದೇಸಾಂಕಾಳೇ ನನಗೆ ಹೇಳಿದ್ದು.

ಪುರಸಭೆಯ ಕೆಳಗಿನ ಪಡಸಾಲೆಯಲ್ಲಿ ಒಂದು ಬೆಂಚಿತ್ತು. ಅದರ ಮೇಲೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಒಬ್ಬ ಕೂತಿದ್ದ. ಅವನ ತೊಡೆಯ ಮೇಲೂ ಒಂದು ಚೀಲ, ಚೀಲದಲ್ಲಿ ಕಾಫಿ ಪೊಟ್ಟಣ, ಶೀಶೆಯ ಕತ್ತು. ಅವನು ತಿಹೊಮಿರ್.

"ಕುಮೆ," ಎಂದ ರಾಡಿಸಾವ್, ಮುಖ ಅರಳಿತು. "ನಮ್ಮ ಕೆಲಸಕ್ಕೇ ಬಂದು ಕೂತಿದೀಯಾ?"

ತಿಹೊಮಿರ್ ಟೋಪಿ ತೆಗೆದ. ಸ್ವಲ್ಪ ಹೊತ್ತು ಅದನ್ನೇ ತಿರುಗಿಸಿದ. "ಇಲ್ಲ. ನನ್ನದಕ್ಕೆ."

"ನಿಂದೇನು?"

"ವಸಂತದಿಂದ ಒಂದು ಪೀಪಾಯಿ ಹೋಗಿಲ್ಲ. ಎಲ್ಲರೂ ಸ್ಟೀಲ್ ತೊಟ್ಟಿ ತಗೋತಿದಾರೆ."

"ನಿನ್ನ ಭಾವಮೈದ?"

"ಅವನು ಕಾರು ಓಡಿಸ್ತಾನೆ, ಅಷ್ಟೆ. ನಿನ್ನ ವಿಷಯ ಹೇಳಿದೆ, ನೋಡೋಣ ಅಂದ. ನನ್ನದೂ ಹೇಳಿದೆ, ಅದಕ್ಕೂ ನೋಡೋಣ ಅಂದ."

"ಮತ್ತೆ ನಂಗೆ ಆಯ್ತು ಅಂದ್ಯಲ್ಲ."

"ನಾನು ನಿನ್ನ ಕುಮ್ ಅಲ್ವೇನೋ. ಆಗಲ್ಲ ಅನ್ನೋಕೆ ಬಾಯೇ ಬರಲಿಲ್ಲ."

ರಾಡಿಸಾವ್‌ಗೆ ಸಿಟ್ಟು ನೆತ್ತಿಗೇರಿತು. ಇವನಿಗಾಗಿ ಶರತ್ಕಾಲವೆಲ್ಲ ಕೈಕಟ್ಟಿ ಕೂತಿದ್ದ. ಸ್ಟಾಮೆನಾ ಗಂಟು ಹೊತ್ತು ಹೋಗಿದ್ದಳು. ಅವನು ಏನೋ ಹೇಳಲು ಬಾಯಿ ತೆರೆಯುವ ಮುಂಚೆಯೇ ದೇಸಾಂಕಾ ಇಬ್ಬರ ನಡುವೆ ಕೂತಳು. "ಜಗಳ ಮನೇಲಿ ಆಡಿ. ಬಾಗಿಲು ತೆರೀತಿದಾರೆ."

ಯಾಸ್ನಾ ಮೂವರನ್ನೂ ಒಟ್ಟಿಗೇ ಒಳಗೆ ಕರೆದಳು. ರಾಡಿಸಾವ್ ಶೀಶೆ ತೆಗೆದು ಮೇಜಿನ ಮೇಲಿಟ್ಟ.

"ಚೀಲದೊಳಗೇ ಇರಲಿ ಯಜಮಾನ್ರೇ," ಎಂದಳು. "ತಗೊಂಡ್ರೆ ನನ್ನ ಕೆಲಸ ಹೋಗುತ್ತೆ. ಆಮೇಲೆ ನಾನೇ ಆ ಬೆಂಚಿನ ಮೇಲೆ ಕೂರ್ಬೇಕಾಗುತ್ತೆ. ಈಗ ಯಂತ್ರದ ಕಥೆ ಹೇಳಿ."

ಯಾರು ಕಳಿಸಿದರೆಂದು ಅವಳು ಕೇಳುತ್ತಾಳೆಂದು ಅವನು ಕಾದ. ಅವಳು ಕೇಳಲೇ ಇಲ್ಲ. ಉರುಳೆಯ ಅಳತೆ ಕೇಳಿದಳು, ವರ್ಷಕ್ಕೆ ಎಷ್ಟು ರಜಾಯಿ ಹೊಲಿಯುತ್ತೀರೆಂದು ಕೇಳಿದಳು. ಆಮೇಲೆ ಹೇಳಿದಳು: "ಯಂತ್ರದ ಅರ್ಜಿ ಹೋದ ಶುಕ್ರವಾರವೇ ಮುಗೀತು."

ತಿಹೊಮಿರ್ ನೆಲ ನೋಡಿದ.

"ಗುರುವಾರ ಬಂದಿದ್ರೂ ಆಗ್ತಿತ್ತಾ?" ಎಂದು ದೇಸಾಂಕಾ ಕೇಳಿದಳು.

"ಆಗ್ತಿತ್ತಮ್ಮ. ನಾನು ಇಲ್ಲೇ ಇದ್ದೆ."

ಆದರೆ ಯಾಸ್ನಾ ಅಲ್ಲಿಗೇ ನಿಲ್ಲಿಸಲಿಲ್ಲ. ಪಕ್ಕದ ಊರಿನ ನೇಯ್ಗೆ ಶಾಲೆಯಲ್ಲಿ ಹಿಂಜುವ ಯಂತ್ರ ಇದೆ, ಶನಿವಾರ ಖಾಲಿ ನಿಂತಿರುತ್ತದೆ ಎಂದಳು. ಅವರ ಎದುರಿಗೇ ಫೋನ್ ಮಾಡಿ ಶಾಲೆಯವರನ್ನು ಒಪ್ಪಿಸಿದಳು. ಹಳೆಯ ಕಸುಬೆಂದು ನೋಂದಾಯಿಸಿದರೆ ತೆರಿಗೆಯಲ್ಲಿ ರಿಯಾಯಿತಿ ಇದೆ, ಪೀಪಾಯಿಯ ಕೆಲಸಕ್ಕೂ ಅದು ಸಿಗುತ್ತದೆ ಎಂದಳು. ಲೆಕ್ಕ ಬರೆಯುವುದನ್ನು ಕಲಿಸುವವರು ತಿಂಗಳಿಗೊಮ್ಮೆ ಅದೇ ಕೋಣೆಗೆ ಬರುತ್ತಾರೆ, ಫೀಜಿಲ್ಲ. ವಸಂತದ ಅರ್ಜಿಯನ್ನು ಈಗಿನಿಂದಲೇ ಕೂತು ತಯಾರಿಸಬಹುದು. "ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲ್ಲ," ಎಂದಳು. "ಹಾಕದೇ ಇದ್ರೆ ಸಿಗಲ್ಲ ಅನ್ನೋದು ಮಾತ್ರ ಖಂಡಿತ."

ಆ ಚಳಿಗಾಲದ ಶನಿವಾರಗಳಲ್ಲಿ ತಿಹೊಮಿರ್‌ನ ಹಳೆಯ ವ್ಯಾನು ಉಣ್ಣೆ ಗಂಟುಗಳನ್ನು ಹೇರಿಕೊಂಡು ನೇಯ್ಗೆ ಶಾಲೆಗೆ ಹೋಯಿತು. ಪೆಟ್ರೋಲು ತಿಹೊಮಿರ್‌ನದೇ. ರಾಡಿಸಾವ್ ದುಡ್ಡು ಕೊಡಲು ಹೋಗಲಿಲ್ಲ, ವ್ಯಾನು ಬೇಡವೆಂದೂ ಹೇಳಲಿಲ್ಲ. ಗಂಟು ಒಯ್ದವರಲ್ಲಿ ಅರ್ಧದಷ್ಟು ಜನ ಮರಳಿ ಬಂದರು. ಅಂಗಡಿಯ ಬಾಗಿಲು ಮುಚ್ಚಲಿಲ್ಲ. ಮೊಬೈಲ್ ಕವರಿನವನು ಬಸ್ ನಿಲ್ದಾಣದ ಹತ್ತಿರ ಜಾಗ ಹಿಡಿದ. ವಸಂತದ ಅರ್ಜಿ ಹಾಕಿಯಾಗಿದೆ, ಉತ್ತರ ಇನ್ನೂ ಬಂದಿಲ್ಲ. ಸ್ಟಾಮೆನಾಳ ಮಗಳು ಮಾತ್ರ ಕಾರ್ಖಾನೆಯ ರಜಾಯಿ ತೆಗೆದುಕೊಂಡೇ ಗಂಡನ ಮನೆಗೆ ಹೋದಳು. ಆ ಉಣ್ಣೆ ಅವಳ ತಾಯಿಯ ಅಟ್ಟದಲ್ಲಿದೆ.

ಅಂದು ಇಬ್ಬರೂ ಒಯ್ದಿದ್ದ ಕಾಫಿ ಪೊಟ್ಟಣಗಳೆರಡೂ ರಾಡಿಸಾವ್‌ನ ಅಂಗಡಿಯಲ್ಲೇ ಖರ್ಚಾದವು. ಬೆಳಿಗ್ಗೆ ಕುಮ್‌ಗಳಿಬ್ಬರೂ ಅದನ್ನೇ ಕುಡಿಯುತ್ತಿದ್ದರು, ಮೊದಮೊದಲು ಮಾತಿಲ್ಲದೆ, ಆಮೇಲೆ ಜಗಳವಾಡುತ್ತ. ಮಿಲುಂಕಾ ನಡುವೆ ಬಂದು ಕೇಳುತ್ತಿದ್ದಳು: "ಕಾಫಿ ಮೇಲಿನ ಮಹಡಿಯಿಂದ ಬಂತಾ ತಿಹೊಮಿರಣ್ಣ?"

ಇದನ್ನು ಓದುತ್ತಿರುವ ನೀವು ಹೊಲಿಯುತ್ತಿರಬಹುದು, ರೊಟ್ಟಿ ಸುಡುತ್ತಿರಬಹುದು, ಚಪ್ಪಲಿ ರಿಪೇರಿ ಮಾಡುತ್ತಿರಬಹುದು. ಸಣ್ಣ ಅಂಗಡಿಯವರಿಗೆ ನೆರವಾಗುವ ಕೋಣೆ ನಿಮ್ಮೂರಲ್ಲಿ ಎಲ್ಲಿದೆ, ಯಾವ ದಿನ ತೆರೆದಿರುತ್ತದೆ ಎಂದು ಈ ವಾರವೇ ಹೋಗಿ ಕೇಳಿ. ಯಂತ್ರ ಕೆಡುವವರೆಗೆ ಕಾಯಬೇಡಿ. ಕಾಫಿ ಪೊಟ್ಟಣ ಮನೆಯಲ್ಲೇ ಇರಲಿ. ನಿಮ್ಮ ಪರವಾಗಿ ಹೇಳುತ್ತೇನೆಂದು ಯಾರಾದರೂ ಮಾತು ಕೊಟ್ಟಿದ್ದರೆ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರಿಗೂ ಅದೇ ಕೋಣೆ ಬೇಕಾಗಿರಬಹುದು, ಹೇಳಲು ಬಾಯಿ ಬಂದಿರಲಿಕ್ಕಿಲ್ಲ.